ಅಜ್ಜನ ಶೆವರ್ಲೆ ಕಾರಿಗೆ ಬೆಲೆ ಕಟ್ಟಿದ ಬಗೆ

ನಮ್ಮ ಮನೆಯ 1948ರ ಶೆವರ್ಲೆ ಫ್ಲೀಟ್‌ಮಾಸ್ಟರ್ ಕಾರನ್ನು ಚಿತ್ರದುರ್ಗದ ವೈದ್ಯರೊಬ್ಬರಿಗೆ 9.60 ಲಕ್ಷ ರೂಪಾಯಿಗೆ ಮಾರಿದ್ದೇವೆ. ಸುದ್ದಿ ದಾವಣಗೆರೆಯ ಮಂಡಿಪೇಟೆಯನ್ನು ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೇ ಕಬ್ಬಿಣಕ್ಕೆ ಇಷ್ಟೊಂದು ದುಡ್ಡು ಕೊಡುವವರಿದ್ದಾರೆಯೇ ಎಂದು ಕೆಲವರು ಅಚ್ಚರಿಪಟ್ಟರೆ, ಬೆಂಗಳೂರಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ನೋಡಿ ಬಂದ ಮತ್ತೆ ಕೆಲವರು ಇಪ್ಪತ್ತೈದು ಲಕ್ಷ ಬರುವ ಗಾಡಿಯನ್ನು ಸುಮ್ಮನೆ ಕೊಟ್ಟುಬಿಟ್ಟಿರಲ್ಲ ಎಂದು ನೊಂದುಕೊಂಡರು. ಈ ಎರಡು ಮಾತುಗಳನ್ನೂ ಆಡಿದವರು ನಮ್ಮ ಹಿತೈಷಿಗಳೇ. ಆ ಮೊತ್ತ ಹೇಗೆ ಬಂತೆಂಬುದು ಅವರಿಗೆ ಗೊತ್ತಿಲ್ಲದ ಕಾರಣ, ಮನೆಯಲ್ಲಿ ಹಳೆಯ ಕಾರನ್ನು ಇಟ್ಟುಕೊಂಡು ಮಾರುವ ಯೋಚನೆಯಲ್ಲಿರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಮುಖ್ಯವಾದ ಮಾತು ಇಷ್ಟೇ: ಈ ಕಾರು ಏನು, ಇದರಲ್ಲಿ ಏನೇನು ಉಳಿದಿದೆ, ಏನೇನು ಬದಲಾಗಿದೆ ಎಂಬುದರಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಒಮ್ಮತ ಮೂಡುವವರೆಗೆ ಎಷ್ಟಕ್ಕೆ ಎಂಬ ಮಾತನ್ನೇ ಎತ್ತಬಾರದು.

ಫ್ಲೀಟ್‌ಮಾಸ್ಟರ್ ಅಮೆರಿಕದಲ್ಲಿ ಅಪರೂಪದ ಕಾರೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ, ಅದು ಅಲ್ಲಿ ಲಕ್ಷಗಟ್ಟಲೆ ತಯಾರಾಯಿತು. ನಮ್ಮಲ್ಲಿ ಅದು ವಿರಳವಾದುದಕ್ಕೆ ಬೇರೆಯೇ ಕಾರಣವಿದೆ. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಿಂದ ಮುಂಬಯಿಯ ಸೇವ್ರಿಯಲ್ಲಿ ಹೊರದೇಶದಿಂದ ಬಿಡಿಭಾಗಗಳನ್ನು ತರಿಸಿ ಕಾರುಗಳನ್ನು ಜೋಡಿಸುತ್ತಿತ್ತು. ಇಲ್ಲಿಯೇ ಹಂತಹಂತವಾಗಿ ಬಿಡಿಭಾಗಗಳನ್ನು ತಯಾರಿಸುವ ಯೋಜನೆಯಿದ್ದವರು ಮಾತ್ರ ಉಳಿಯಬೇಕೆಂದು 1953ರಲ್ಲಿ ಸುಂಕ ಆಯೋಗ ಶಿಫಾರಸು ಮಾಡಿದ ಮೇಲೆ ಆ ಸಂಸ್ಥೆ 1954ರಲ್ಲಿ ತನ್ನ ಕೆಲಸವನ್ನು ನಿಲ್ಲಿಸಿತು. ಬಿಡಿಭಾಗ ಸಿಗದಾಯಿತು, ಪೆಟ್ರೋಲ್ ದುಬಾರಿಯಾದ ಎಪ್ಪತ್ತರ ದಶಕದಲ್ಲಿ ಉಳಿದಿದ್ದ ದೊಡ್ಡ ಅಮೆರಿಕನ್ ಕಾರುಗಳ ಪೈಕಿ ಎಷ್ಟೋ ಕಾರುಗಳ ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು, ಇನ್ನೆಷ್ಟೋ ಕಾರುಗಳು ಗುಜರಿ ಸೇರಿದವು. ಹತ್ತಿಯ ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ದಾವಣಗೆರೆಯ ವರ್ತಕರ ಮನೆಗಳ ಮುಂದೆ ಇಂಥ ಕಾರುಗಳು ನಿಲ್ಲುತ್ತಿದ್ದುವೆಂದು ಅಪ್ಪಾಜಿ ಹೇಳುತ್ತಿದ್ದರು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆ ನಡೆಸುತ್ತಿದ್ದ ಅಜ್ಜ ಕೊಂಡ ಈ ಕಾರು ಉಳಿದದ್ದು ಅಪ್ಪಾಜಿಯವರ ಹಟದಿಂದ. ಡೀಸೆಲ್ ಎಂಜಿನ್ ಹಾಕಿಸಿರೆಂದು ಯಾರು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಆ ಹಟಕ್ಕೆ ಎಷ್ಟು ಬೆಲೆಯಿತ್ತೆಂಬುದು ಮಾರುವ ಹೊತ್ತಿಗೆ ನಮಗೆ ಅಂಕಿಗಳಲ್ಲಿಯೇ ಗೊತ್ತಾಯಿತು.

ಹೀಗೆ ಇಲ್ಲಿ ವಿರಳವಾಗಿ ಅಲ್ಲಿ ಹೇರಳವಾಗಿರುವ ಕಾರಿಗೆ ಅಲ್ಲಿನ ದರಪಟ್ಟಿಗಳು ಉಪಯೋಗಕ್ಕೆ ಬಾರವು. ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಸ್ಥಿತಿಗೆ ತಕ್ಕಂತೆ ಒಂದನೆಯ ದರ್ಜೆಯಿಂದ ಕೆಳಮುಖವಾಗಿ ವಿಂಗಡಿಸಿ, ಮಾದರಿಗೊಂದು ದರ್ಜೆಗೊಂದು ಬೆಲೆ ಪ್ರಕಟಿಸುವ ರೂಢಿಯಿದೆ. ಆ ವಿಂಗಡಣೆಯ ಕ್ರಮವನ್ನು ನಾವು ಬಳಸಿಕೊಂಡೆವು, ಬೆಲೆಯನ್ನು ಬಿಟ್ಟೆವು. ಅಂತರ್ಜಾಲದಲ್ಲಿ ಕಾಣುವ ಜಾಹೀರಾತುಗಳಲ್ಲಿರುವುದು ಮಾರುವವರ ಆಸೆಯ ಮೊತ್ತ, ಕೈ ಬದಲಾದ ಮೊತ್ತವಲ್ಲ. ಇನ್ನು ವಿಮೆಯ ಕಾಗದದಲ್ಲಿರುವ ಮೊತ್ತ. ವೈದ್ಯರು ಮೊದಲ ಭೇಟಿಯಲ್ಲಿ ನಮ್ಮ ವಿಮಾ ಪತ್ರವನ್ನು ನೋಡಿ, ಅದರಲ್ಲಿ ನಮೂದಾಗಿದ್ದ ಸಣ್ಣ ಮೊತ್ತದ ಕಡೆಗೆ ಬೆರಳು ತೋರಿಸಿದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಐದು ವರ್ಷ ದಾಟಿದ ವಾಹನಗಳಿಗೂ ತಯಾರಿಕೆ ನಿಂತುಹೋದ ಮಾದರಿಗಳಿಗೂ ವಿಮೆಯ ಘೋಷಿತ ಮೌಲ್ಯವನ್ನು, ಅಂದರೆ ವಾಹನ ಪೂರ್ತಿ ನಷ್ಟವಾದರೆ ಸಿಗುವ ಮೊತ್ತವನ್ನು, ಯಾವ ಕೋಷ್ಟಕವೂ ಹೇಳುವುದಿಲ್ಲ; ವಿಮಾ ಸಂಸ್ಥೆಯೂ ಮಾಲೀಕರೂ ಮಾತನಾಡಿ ಒಪ್ಪಿಕೊಳ್ಳುವ ಮೊತ್ತವದು. ವರ್ಷಕ್ಕೆ ಕೆಲವೇ ಬಾರಿ ಹೊರಗೆ ಬರುವ ಗಾಡಿಗೆ ಕಂತು ಕಡಿಮೆಯಿರಲೆಂದು ಅಪ್ಪಾಜಿ ಅದನ್ನು ಕೆಳಗೇ ಇಟ್ಟಿದ್ದರು. ಇದನ್ನು ಅವರಿಗೆ ತಿಳಿಸಿ ಹೇಳಿದಾಗ ಒಪ್ಪಿದರು, ಮತ್ತು ತಾವು ಕೊಂಡ ಮೇಲೆ ಒಪ್ಪಿತ ಬೆಲೆಯನ್ನೇ ವಿಮೆಗೂ ತಿಳಿಸುವುದಾಗಿ ಹೇಳಿದರು.

ವ್ಯಾಪಾರವನ್ನು ದಲ್ಲಾಳಿಯೊಬ್ಬರ ಕೈಗೆ ಒಪ್ಪಿಸಿ, ಅವರು ಎರಡೂ ಕಡೆ ಕೇಳಿ ಒಂದು ಮೊತ್ತಕ್ಕೆ ಕುದುರಿಸಲಿ ಎಂಬ ಸಲಹೆ ನಮ್ಮ ಬಂಧುಗಳಿಂದ ಬಂತು. ನಮ್ಮ ಕಡೆಯ ದನದ ಜಾತ್ರೆಗಳಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸುವುದನ್ನು ನೋಡಿ ಬೆಳೆದವನು ನಾನು. ಆ ಪದ್ಧತಿಯ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿದರೆ ಪ್ರಾಯ ಇಬ್ಬರಿಗೂ ಒಮ್ಮೆಗೇ ತಿಳಿಯುತ್ತದೆ, ನಡೆಸಿ ನೋಡಿದರೆ ಕಾಲು ತಿಳಿಯುತ್ತದೆ. ಎಪ್ಪತ್ತು ವರ್ಷ ದಾಟಿದ ಕಾರಿನಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ವಯಸ್ಸು. ಬಾಗಿಲು ಮೂಲದ್ದಿರಬಹುದು, ಅದರ ಹಿಡಿ ಇನ್ನಾವುದೋ ಕಾರಿನದಿರಬಹುದು, ಬಣ್ಣ ಮೂರನೆಯ ಸಲ ಹೊಡೆದದ್ದಿರಬಹುದು. ಇದನ್ನೆಲ್ಲ ಬಿಡಿಸಿ ಬರೆದು ಮುಂದಿಡದೆ ಮೊತ್ತವನ್ನು ಮಾತ್ರ ಕುದುರಿಸಿದರೆ, ಹಣ ಕೊಟ್ಟ ಮೇಲೆ ಜಗಳ ಹುಟ್ಟುವುದು ಖಂಡಿತ.

ಈ ವಿಷಯದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇಂಗ್ಲೆಂಡಿನ ಒಂದು ಮೊಕದ್ದಮೆ. ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಓಟವನ್ನು 1929 ಮತ್ತು 1930ರಲ್ಲಿ ಸತತವಾಗಿ ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರೊಂದಿದೆ. ಅದನ್ನು ಓಲ್ಡ್ ನಂಬರ್ ಒನ್ ಎಂದು ಕರೆಯುತ್ತಾರೆ. ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಸಂಸ್ಥೆ, ಆ ಮೇಲೆ ಇದು ಅಸಲಿ ಕಾರಲ್ಲವೆಂದು ಹಿಂದೆ ಸರಿಯಿತು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ: ಓಟದ ಕಾರಾದ್ದರಿಂದ ಅದರ ಚಾಸಿ (ಕಾರಿನ ಅಡಿಯ ಚೌಕಟ್ಟು), ಎಂಜಿನ್, ಮೈಕಟ್ಟು ಎಲ್ಲವೂ ವರ್ಷದಿಂದ ವರ್ಷಕ್ಕೆ ಬದಲಾಗಿದ್ದವು, 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ಅಪಘಾತಕ್ಕೀಡಾಗಿ ಚಾಲಕ ಮೃತಪಟ್ಟಾಗ ಅದರಲ್ಲಿದ್ದುದು ಲ ಮಾನ್ ಗೆದ್ದ ಎಂಜಿನ್ ಅಲ್ಲ, ಎಂಟು ಲೀಟರಿನ ಬೇರೆ ಎಂಜಿನ್. ಆದರೂ 1990ರಲ್ಲಿ ನ್ಯಾಯಾಲಯವು ಮಾರುವವರ ಪರವಾಗಿ ತೀರ್ಪಿತ್ತಿತು. ಭಾಗಗಳು ಬದಲಾದರೂ ಕಾರಿನ ಚರಿತ್ರೆ ಎಲ್ಲಿಯೂ ಕಡಿದುಹೋಗಿಲ್ಲ, ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೊಂದು ಕಾರು ಇಲ್ಲ ಎಂಬುದು ಆ ತೀರ್ಪಿನ ತಿರುಳು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅಷ್ಟು ದೊಡ್ಡ ಮೊತ್ತದ ಮಾತಾಡುವ ಮೊದಲೇ ಯಾವ ಭಾಗ ಯಾವ ಕಾಲದ್ದೆಂಬ ಪಟ್ಟಿಗೆ ಇಬ್ಬರೂ ಸಹಿ ಹಾಕಿದ್ದರೆ ಆ ಜಗಳ ನ್ಯಾಯಾಲಯದವರೆಗೆ ಹೋಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾವು ಪಟ್ಟಿ ಮಾಡಿದ್ದು ಆ ಮೊಕದ್ದಮೆಯ ವಿವರವನ್ನು ಓದಿದ್ದರಿಂದಲೇ.

ಪಟ್ಟಿ ಮಾಡಲು ಹರಿಹರದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರಿಗೆ ಕೊಡಬೇಕಾದ ಹಣವನ್ನು ನಾವೂ ವೈದ್ಯರೂ ಅರ್ಧರ್ಧ ಹಂಚಿಕೊಂಡೆವು; ಒಬ್ಬರೇ ಕೊಟ್ಟಿದ್ದರೆ ಇನ್ನೊಬ್ಬರಿಗೆ ಅವರ ಮಾತಿನ ಮೇಲೆ ನಂಬಿಕೆ ಬರುವುದು ಕಷ್ಟ. ಮೇಸ್ತ್ರಿಗಳು ಮೊದಲು ಕೇಳಿದ್ದು ಆರ್‌ಸಿ ಪುಸ್ತಕವನ್ನು. ಮೈಸೂರು ರಾಜ್ಯದ ಕಾಲದ, ಎಂವೈ ಅಕ್ಷರಗಳಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇಂದಿಗೂ ಅದಕ್ಕೇ ಉಳಿದಿದೆ. ಪುಸ್ತಕದಲ್ಲಿದ್ದ ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಎಣ್ಣೆ ಮಸಿ ಒರೆಸಿ, ಟಾರ್ಚು ಹಿಡಿದು, ವೈದ್ಯರ ಎದುರಿನಲ್ಲೇ ಒಂದೊಂದು ಅಂಕಿಯಾಗಿ ಹೋಲಿಸಿದರು. ಎರಡೂ ಕೂಡಿದವು. ಅಲ್ಲಿಂದ ಮುಂದೆ ವೈದ್ಯರ ದನಿಯೇ ಬದಲಾಯಿತು.

ಆಮೇಲೆ ಕೊರತೆಗಳ ಸರದಿ. ಆರು ವೋಲ್ಟಿನ ಬ್ಯಾಟರಿ ಸಿಗದಾದಾಗ ಅಪ್ಪಾಜಿ ವೈರಿಂಗನ್ನು ಹನ್ನೆರಡು ವೋಲ್ಟಿಗೆ ಬದಲಾಯಿಸಿ, ಅಂಬಾಸಿಡರಿನ ಡೈನಮೋ ಹಾಕಿಸಿದ್ದರು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಮೂಲದ ಕಾರ್ಟರ್ ಕಾರ್ಬ್ಯುರೇಟರಿನ ಜಾಗದಲ್ಲಿ ಜೀಪಿನ ಸೋಲೆಕ್ಸ್ ಕಾರ್ಬ್ಯುರೇಟರ್ ಕೂತಿತ್ತು. ಟೈರುಗಳೂ ಜೀಪಿನವೇ, ಆದರೆ ಅದು ಕೊರತೆಯಲ್ಲ, ಎರಡಕ್ಕೂ 6.00-16 ಅಳತೆಯೇ ಆದ್ದರಿಂದ ಇಂದಿಗೂ ಸುಲಭವಾಗಿ ಸಿಗುತ್ತವೆ. ಹೊರಗಿನ ಕೆನೆ ಬಣ್ಣ ನಂತರದ್ದು. ಡಿಕ್ಕಿಯ ಒಳಮೂಲೆಯಲ್ಲಿ ಬೂದು ಬಣ್ಣದ ಮೂಲ ಪದರ ಕಾಣಿಸಿತು. ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಕೆಳಗೆ ತುಕ್ಕು ತೂತು ಬೀಳಿಸಿ, ಅದರ ಮೇಲೆ ಪುಟ್ಟಿ ತುಂಬಿತ್ತು. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಎಂಬ ಸಂಗ್ರಹಾಲಯವನ್ನೋ ನೋಡಿ ಬಂದವರ ಕಣ್ಣಿಗೆ ಹಳೆಯ ಕಾರೆಂದರೆ ಹೊಳೆಯುವ ಮೈಯೇ ಬರುತ್ತದೆ. ನಮ್ಮ ಕಾರು ಆ ಸ್ಥಿತಿಯಲ್ಲಿ ಇರಲಿಲ್ಲವೆಂಬುದನ್ನು ನಾನು ಮುಚ್ಚಿಡುವ ಅಗತ್ಯವಿರಲಿಲ್ಲ. ಪಟ್ಟಿಗೆ ಪುಟ್ಟಿಯೂ ಸೇರಿತು. ಇತ್ತ ಉಗ್ರಾಣದ ಗೋಣಿಚೀಲದಲ್ಲಿ ಅಪ್ಪಾಜಿ ಕಟ್ಟಿಟ್ಟಿದ್ದ ಮೂಲ ಕಾರ್ಟರ್ ಕಾರ್ಬ್ಯುರೇಟರೂ ಡೆಲ್ಕೊ ರೆಮಿ ಜನರೇಟರೂ (ಮೂಲದ ಡೈನಮೋ) ಸಿಕ್ಕವು, ಅವೂ ಸೇರಿದವು.

ಓಡಿಸಿ ನೋಡಲು ಆನಗೋಡಿನವರೆಗೆ ಹೋದೆವು. ಸ್ಟೀರಿಂಗ್ ಕೊಳವೆಯ ಮೇಲಿರುವ ಗೇರಿನ ಹಿಡಿ, ಎಂಜಿನ್ನಿನ ನಿರ್ವಾತದ ಸಹಾಯದಿಂದ ಎರಡು ಬೆರಳಿಗೇ ಬೀಳುವುದನ್ನು ಕಂಡು ವೈದ್ಯರಿಗೆ ಹಿಡಿಸಲಾಗದ ಸಂತೋಷವಾಯಿತು. ಆದರೆ ಎಣ್ಣೆಯ ಒತ್ತಡದ ಮುಳ್ಳು ಕೆಳಗೇ ನಿಂತದ್ದನ್ನು ನೋಡಿ, ಎಂಜಿನ್ ಮುಗಿದುಹೋಗಿದೆ, ಪೂರ್ತಿ ಬಿಚ್ಚಬೇಕು, ಅದಕ್ಕೆ ಮೂರು ಲಕ್ಷವಾದರೂ ಮುರಿಯಬೇಕು ಎಂದರು. ಹಿಂದೆ ಕೂತಿದ್ದ ಮೇಸ್ತ್ರಿಗಳು ಮುಂದಕ್ಕೆ ಬಾಗಿ, "ಈ ಎಂಜಿನ್ನಿಗೆ ಇಷ್ಟೇ ತೋರ್ಸೋದು ಡಾಕ್ಟ್ರೇ, ಹೊಸದಿದ್ದಾಗ್ಲೂ ಇಷ್ಟೇ" ಎಂದರು. ಅದು ನಿಜ. ಮೂರೂವರೆ ಲೀಟರಿನ ಈ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಎಣ್ಣೆ ತಲುಪುವುದು ಹೆಚ್ಚು ಒತ್ತಡದ ಪಂಪಿನಿಂದಲ್ಲ. ರಾಡಿನ ಬುಡದಲ್ಲಿರುವ ಸಣ್ಣ ಸೌಟಿನಂಥ ತುಂಡು ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಚದರ ಇಂಚಿಗೆ ಹದಿನೈದು ಪೌಂಡಿನ ಆಸುಪಾಸಿನ ಒತ್ತಡ ಅದಕ್ಕೆ ಸಹಜ. ಆದರೆ ಅದೇ ಮೇಸ್ತ್ರಿಗಳು ಏರಿನಲ್ಲಿ ಕೇಳಿಸಿದ ಮಂದವಾದ ಬಡಿತವನ್ನೂ ಬಿಡಲಿಲ್ಲ. ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹದ ಬೇರಿಂಗ್ ಸವೆದಿದೆ, ನಡುವೆ ಇಟ್ಟಿರುವ ತೆಳು ತಗಡನ್ನು (ಶಿಮ್) ತೆಗೆದು ಬಿಗಿ ಮಾಡಿದರೆ ಊರೊಳಗೆ ಓಡಾಡಬಹುದು, ದೂರ ಹೋಗುವುದಾದರೆ ಹೊಸದಾಗಿ ಎರಕ ಹೊಯ್ಯಿಸಿ ಲೇಥಿನಲ್ಲಿ ಕೊರೆಸಲೇಬೇಕು ಎಂದರು. ಒಂದು ಮಾತು ನಮಗೆ ಲಾಭವಾಯಿತು, ಇನ್ನೊಂದು ವೈದ್ಯರಿಗೆ. ಬಲ್ಲವರೊಬ್ಬರು ನಡುವೆ ಇರಬೇಕೆಂದು ನಾನು ಹೇಳುವುದು ಇಂಥ ಗಳಿಗೆಗಾಗಿ.

ಮೂಲ ಎಂಜಿನ್ನಿಗೆ ಕಾನೂನಿನ ದೃಷ್ಟಿಯಿಂದಲೂ ಬೆಲೆಯಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ, ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರದ ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಹಳೆಯ ನೋಂದಣಿ ಸಂಖ್ಯೆಯಿದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಡೀಸೆಲ್ ಎಂಜಿನ್ ಹಾಕಿಸಿದ್ದರೆ ಈ ಬಾಗಿಲು ನಮಗೆ ತೆರೆಯುವುದು ಕಷ್ಟವಿತ್ತು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ಮೆರವಣಿಗೆ, ತಾಂತ್ರಿಕ ಅಧ್ಯಯನ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕೆಲಸಗಳಿಗೆ ಬಿಟ್ಟು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ವೈದ್ಯರಿಗೆ ಬೇಕಾದುದು ಭಾನುವಾರ ಮನೆಯವರನ್ನು ಕೂರಿಸಿಕೊಂಡು ಭರಮಸಾಗರದ ಕಡೆಗೋ ವಾಣಿವಿಲಾಸ ಸಾಗರದ ಕಡೆಗೋ ಹೋಗಿಬರುವ ಕಾರು. ಅವರು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗಲು ನಿರ್ಧರಿಸಿದರು. ಯಾವ ನೋಂದಣಿ ಎಂಬುದನ್ನು ಅವಲಂಬಿಸಿ ಅದೇ ಕಾರು ಒಬ್ಬರಿಗೆ ಹೆಚ್ಚು ಬೆಲೆಯದೂ ಇನ್ನೊಬ್ಬರಿಗೆ ಕಡಿಮೆ ಬೆಲೆಯದೂ ಆಗಬಹುದೆಂಬುದನ್ನು ಮಾರುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ಇಷ್ಟಾದ ಮೇಲೆ ನಮ್ಮ ಪಿ.ಜೆ. ಬಡಾವಣೆಯ ಮನೆಯಲ್ಲಿ ಲೆಕ್ಕಕ್ಕೆ ಕೂತೆವು. ಅಮ್ಮ, ಅಕ್ಕ, ನಾನು ಒಂದು ಕಡೆ. ವೈದ್ಯರೂ ಅವರ ತಮ್ಮನೂ ಇನ್ನೊಂದು ಕಡೆ. ಪೂರ್ತಿ ಸರಿಪಡಿಸಿದ ಇಂಥ ಕಾರಿಗೆ 18 ಲಕ್ಷವೆಂದು ಮೊದಲು ಒಪ್ಪಿಕೊಂಡೆವು. ಅದು ಮಾರುಕಟ್ಟೆಯ ದರವೆಂದು ಯಾರೂ ಭಾವಿಸಬಾರದು. ಇಬ್ಬರಿಗೂ ಪರಿಚಯವಿದ್ದವರ ನಡುವೆ ನಿಜವಾಗಿ ನಡೆದ ಮಾರಾಟಗಳನ್ನು ಕೇಳಿ ತಿಳಿದು ನಾವು ಇಟ್ಟುಕೊಂಡ ಆಧಾರ ಅಷ್ಟೇ. ಅದರಿಂದ ಟಿಂಕರಿಂಗ್ ಮತ್ತು ಬಣ್ಣಕ್ಕೆ 3.25 ಲಕ್ಷ, ಎಂಜಿನ್ನಿನ ವೈಟ್ ಮೆಟಲ್ ಮತ್ತು ಲೇಥ್ ಕೆಲಸಕ್ಕೆ 1.50 ಲಕ್ಷ, ಬಂಪರು ಮತ್ತು ಗ್ರಿಲ್ಲಿನ ಕ್ರೋಮ್ ಲೇಪನಕ್ಕೆ 90 ಸಾವಿರ, ಸೀಟು ಮತ್ತು ಒಳಹೊದಿಕೆಗೆ 85 ಸಾವಿರ, ವೈರಿಂಗ್, ಬ್ರೇಕ್, ಗಾಜು, ರಬ್ಬರ್ ಬೀಡಿಂಗುಗಳಿಗೆ 1.40 ಲಕ್ಷ ಕಳೆದೆವು. ಒಟ್ಟು 7.90 ಲಕ್ಷ, ಉಳಿದದ್ದು 10.10 ಲಕ್ಷ. ಈ ಕಾರು ಅಮೆರಿಕದಲ್ಲಿ ಹೇರಳವಾಗಿದ್ದುದರ ಪ್ರಯೋಜನ ನಮಗೆ ಇಲ್ಲಿ ದೊರೆಯಿತು: ಬೀಡಿಂಗಿನಿಂದ ಹಿಡಿದು ಗ್ಯಾಸ್ಕೆಟ್ಟಿನವರೆಗೆ ಹೊಸದಾಗಿ ತಯಾರಾದ ಭಾಗಗಳು ಅಲ್ಲಿ ಸಿಗುವುದರಿಂದ, ಸಾಗಣೆಯನ್ನೂ ಸುಂಕವನ್ನೂ ಸೇರಿಸಿ ವೆಚ್ಚವನ್ನು ಅಂದಾಜು ಮಾಡಲು ಸಾಧ್ಯವಾಯಿತು. ಕೆಲಸಕ್ಕೆ ತಗಲುವ ಕಾಲಕ್ಕೂ, ಬಿಚ್ಚಿದ ಮೇಲೆ ಕಾಣಬಹುದಾದ ಹೊಸ ತೊಂದರೆಗೂ ಇನ್ನೊಂದು ಲಕ್ಷ ಬಿಡಬೇಕೆಂದು ವೈದ್ಯರು ಕೇಳಿದರು. ಗೋಣಿಚೀಲದ ಮೂಲ ಭಾಗಗಳನ್ನು ಬೇರೆ ದುಡ್ಡಿಲ್ಲದೆ ಕೊಡುತ್ತೇವೆ, ಐವತ್ತು ಸಾವಿರ ಬಿಡುತ್ತೇವೆ ಎಂದು ಅಕ್ಕ ಹೇಳಿದಳು. ವೈದ್ಯರು ತಮ್ಮನ ಮುಖ ನೋಡಿ, "ಆಯ್ತಮ್ಮ, ನಿಮ್ಮ ಮಾತಿಗೇ ಇರಲಿ" ಎಂದರು. ಹೀಗೆ ಬಂದದ್ದು 9.60.

ಮೊತ್ತದಲ್ಲಿ ಕೂಡದಿದ್ದರೆ ಬೆಂಗಳೂರಿನ ಮೌಲ್ಯಮಾಪಕರೊಬ್ಬರು ಹೇಳಿದ್ದೇ ಅಂತಿಮವೆಂದು ಕರಾರಿನಲ್ಲಿ ಬರೆಯೋಣವೆಂಬ ಆಲೋಚನೆಯೂ ಮೊದಲಿಗೆ ಇತ್ತು. ವಕೀಲರು ಅದಕ್ಕೆ ಒಂದು ಎಚ್ಚರಿಕೆ ಹೇಳಿದರು. 1930ರ ಸರಕು ಮಾರಾಟ ಕಾಯಿದೆಯ 10ನೆಯ ಕಲಮಿನ ಪ್ರಕಾರ ಬೆಲೆಯನ್ನು ಮೂರನೆಯವರು ನಿರ್ಧರಿಸುವರೆಂದು ಒಪ್ಪಿಕೊಂಡು, ಅವರು ನಿರ್ಧರಿಸದೆ ಹೋದರೆ ಅಥವಾ ನಿರ್ಧರಿಸಲಾಗದಿದ್ದರೆ ಆ ಒಪ್ಪಂದವೇ ಬಿದ್ದುಹೋಗುತ್ತದೆ. ಅಷ್ಟರಲ್ಲಿ ಸರಕು ಕೊಳ್ಳುವವರ ಕೈ ಸೇರಿದ್ದರೆ ಅವರು ಸಮಂಜಸವಾದ ಬೆಲೆ ಕೊಡಬೇಕು. ಸಮಂಜಸವೆಂದರೆ ಎಷ್ಟೆಂಬ ಜಗಳ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಮೇಸ್ತ್ರಿಗಳ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಮೊತ್ತವನ್ನು ನಾವೇ ಬರೆದು, ಆ ಪಟ್ಟಿಯನ್ನು ಕರಾರು ಪತ್ರಕ್ಕೆ ಲಗತ್ತಿಸಿ ಪುಟಪುಟಕ್ಕೂ ಇಬ್ಬರೂ ಸಹಿ ಹಾಕಿದೆವು.

ಅಪ್ಪಾಜಿ ತೀರಿಕೊಂಡ ಮೇಲೆ ಕಾರು ಅವರ ಹೆಸರಿನಲ್ಲೇ ಇದ್ದುದರಿಂದ, ಮಾರಾಟಕ್ಕೆ ಮೊದಲೇ, ಮಾಲೀಕರು ತೀರಿಕೊಂಡಾಗ ವಾರಸುದಾರರು ಬಳಸುವ ಫಾರಂ 31ರಲ್ಲಿ ಅರ್ಜಿ ಹಾಕಿ, ಅಮ್ಮನ ಮತ್ತು ಅಕ್ಕನ ಒಪ್ಪಿಗೆಯ ಪ್ರಮಾಣಪತ್ರಗಳೊಡನೆ ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆವು. ಇದನ್ನು ಮಾಡಿಸದೆ ಬೆಲೆಯ ಮಾತಿಗೆ ಕೂರುವುದು ಯಾರಿಗೂ ಕ್ಷೇಮವಲ್ಲ.

ಹಣದಲ್ಲಿ ಒಂದು ಭಾಗವನ್ನು ನಗದಾಗಿ ಪಡೆದರೆ ಸುಲಭವೆಂದು ಸಲಹೆ ಕೊಟ್ಟವರಿದ್ದರು. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ದಂಡವೂ ಪಡೆದ ಮೊತ್ತದಷ್ಟೇ ಇದೆ. ಹಾಗಾಗಿ ಎಲ್ಲವೂ ಬ್ಯಾಂಕಿನ ಮೂಲಕವೇ ನಡೆಯಿತು. ತೆರಿಗೆಯ ಇನ್ನೊಂದು ಅಂಶ ಹಳೆಯ ಕಾರುಳ್ಳವರೆಲ್ಲ ಗಮನಿಸಬೇಕಾದದ್ದು. ಸ್ವಂತ ಬಳಕೆಯ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ, ಆದರೆ ಬಳಕೆಗೆ ಪುರಾವೆ ಬೇಕು. 1931ರ ಫೋರ್ಡ್ ಕಾರೊಂದನ್ನು 1983ರಲ್ಲಿ 20,000 ರೂಪಾಯಿಗೆ ಕೊಂಡು ಮುಂದೆ 21 ಲಕ್ಷಕ್ಕೆ ಮಾರಿದವರೊಬ್ಬರ ಪ್ರಕರಣದಲ್ಲಿ, ಸ್ವಂತಕ್ಕೆ ಬಳಸಬಹುದಾದ ಕಾರು ಎಂದಷ್ಟೇ ಹೇಳಿದರೆ ಸಾಲದು, ಬಳಸಿದ್ದನ್ನು ತೋರಿಸಬೇಕೆಂದು ಬಾಂಬೆ ಹೈಕೋರ್ಟ್ 2025ರಲ್ಲಿ ಹೇಳಿತು. ಅಪ್ಪಾಜಿಯವರ ಕಾಲದ ಗ್ಯಾರೇಜಿನ ಬಿಲ್ಲುಗಳು, ಪೆಟ್ರೋಲ್ ಚೀಟಿಗಳು, ವಿಮೆಯ ಕಂತಿನ ರಸೀದಿಗಳು, ಮದುವೆಗಳಲ್ಲಿ ಕಾರಿನೊಡನೆ ತೆಗೆಸಿಕೊಂಡ ಚಿತ್ರಗಳು ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ ಲೆಕ್ಕಪರಿಶೋಧಕರಿಗೆ ಕೊಟ್ಟಿದ್ದೇನೆ.

ಕರಾರಿನಂತೆ ವೈದ್ಯರು ಮುಂಗಡವಾಗಿ ಎರಡು ಲಕ್ಷ, ಕಾರು ಒಯ್ಯುವ ದಿನ ಏಳು ಲಕ್ಷ ವರ್ಗಾಯಿಸಿದರು. ಉಳಿದ ಅರವತ್ತು ಸಾವಿರವನ್ನು ಆರ್‌ಸಿ ಅವರ ಹೆಸರಿಗೆ ಆದ ಮೇಲೆ ಕೊಡುವುದೆಂದು ನಾವೇ ಇಟ್ಟ ಷರತ್ತು. ಹಣ ಕೈಸೇರಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿರುವುದರಿಂದ, ವರ್ಗಾವಣೆ ಬೇಗ ಮುಗಿಯಬೇಕೆಂಬ ಆತುರ ಅವರಿಗಿಂತ ನನಗೇ ಹೆಚ್ಚಿತ್ತು. ಕೈಗೊಪ್ಪಿಸಿದ ದಿನಾಂಕ ಮತ್ತು ಗಂಟೆಯನ್ನು ಬರೆದ ಚೀಟಿಗೆ ಇಬ್ಬರೂ ಸಹಿ ಮಾಡಿ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ನ್ನು ಅದೇ ವಾರ ಸಲ್ಲಿಸಿದೆವು. ಆರ್‌ಸಿ ಅವರ ಹೆಸರಿಗೆ ಆದ ದಿನವೇ ಬಾಕಿ ಹಣವೂ ಬಂತು. ಮೂರು ಪಾಲು ಮಾಡಿ ಅಮ್ಮನ ಮತ್ತು ಅಕ್ಕನ ಪಾಲನ್ನು ಅವರ ಖಾತೆಗಳಿಗೆ ಹಾಕಿದೆ. ಬೂದು ಬಣ್ಣದ ಆ ಮೂಲ ಪದರವನ್ನು ಹೊಂದಿಸಿಯೇ ಹೊಸ ಬಣ್ಣ ಹೊಡೆಸಲು ವೈದ್ಯರು ಈಗ ಚಿತ್ರದುರ್ಗದಲ್ಲಿ ಟಿಂಕರಿಂಗ್ ಕೆಲಸ ಆರಂಭಿಸಿದ್ದಾರೆ.